ತಿದ್ದಿದ ಪ್ರತಿ

ಆ ಬೆಳಗಿನ ಹದಿನಾಲ್ಕನೆಯ ಕಥೆಯಲ್ಲೂ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅವಳು ಓದುವುದನ್ನು ಅಲ್ಲಿಗೇ ನಿಲ್ಲಿಸಿದಳು. ಮುಂದಿನದೆಲ್ಲ ಗೊತ್ತಿದ್ದದ್ದೇ. ತಣ್ಣನೆಯ ಗಾಳಿ ನುಗ್ಗುತ್ತದೆ, ಗೋಡೆ ಗಡಿಯಾರ ನಿಲ್ಲುತ್ತದೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಥೆ ಹೇಳುತ್ತಿದ್ದವನಿಗೆ ತಾನು ಸತ್ತು ಮೂರು ವರ್ಷವಾಯಿತೆಂಬುದು ನೆನಪಾಗುತ್ತದೆ. ಒಂದಕ್ಷರ ತಪ್ಪಿಲ್ಲ, ಒಂದು ಅಲ್ಪವಿರಾಮ ಆಚೀಚೆ ಇಲ್ಲ. ನೀರು ಕುಡಿದಷ್ಟು ಸಲೀಸು, ನೀರಿನಷ್ಟೇ ಸಪ್ಪೆ. ಅವಳು ಕೀಲಿ ಒತ್ತಿದಳು. ಕಥೆ ಕಸಕ್ಕೆ ಹೋಯಿತು, ಕಳಿಸಿದವರ ವಿಳಾಸ ತಡೆಪಟ್ಟಿಗೆ ಸೇರಿತು.

ಪತ್ತೇದಾರಿ ಕಥೆ, ದೆವ್ವದ ಕಥೆ, ವಿಚಿತ್ರ ಕಥೆಗಳಿಗೆಂದೇ ಇದ್ದ ಆ ಮಾಸಪತ್ರಿಕೆಯಲ್ಲಿ ಬಂದ ಕಥೆಗಳನ್ನು ಓದಿ ಆರಿಸುವುದು ಇಪ್ಪತ್ತೊಂದು ವರ್ಷಗಳಿಂದ ಅವಳ ಕೆಲಸ. ಅವಳು ಸೇರಿದ ಕಾಲಕ್ಕೆ ಇಂಥವು ನಾಲ್ಕು ಪತ್ರಿಕೆಗಳಿದ್ದವು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ, ಒದ್ದೆ ಬಟ್ಟೆಯ ಹಾಗೆ ನೇತುಹಾಕುತ್ತಿದ್ದರು. ಬಸ್ಸು ಹತ್ತುವವರು ಒಂದನ್ನು ಎಳೆದುಕೊಂಡು, ಇಳಿಯುವ ಹೊತ್ತಿಗೆ ಕೊಲೆಗಾರನನ್ನು ಹಿಡಿದು, ಸೀಟಿನ ಮೇಲೇ ಬಿಟ್ಟು ಹೋಗುತ್ತಿದ್ದರು. ಈಗ ಬಸ್ಸಿನಲ್ಲಿ ಎಲ್ಲರ ಕತ್ತೂ ಮೊಬೈಲಿನ ಮೇಲೆ ಬಾಗಿರುತ್ತದೆ. ಒಂದು ಪತ್ರಿಕೆ ವಾರಭವಿಷ್ಯಕ್ಕೆ ತಿರುಗಿತು, ಇನ್ನೆರಡು ಹೇಳದೆ ಕೇಳದೆ ನಿಂತವು. ಉಳಿದದ್ದು ಇದೊಂದೇ. ಓದುವವರು ಕಡಿಮೆಯಾದಂತೆಲ್ಲ ಬರೆಯುವವರೂ ಕಡಿಮೆಯಾದರು. ಹಾಗಾದರೂ ತಿಂಗಳಿಗೆ ನಲವತ್ತು ಐವತ್ತು ಕಥೆಗಳು ಬರುತ್ತಿದ್ದವು, ಅವನ್ನು ಅವಳು ಒಂದೊಂದನ್ನೂ ಕೊನೆಯವರೆಗೆ ಓದುತ್ತಿದ್ದಳು.

ಆಮೇಲೆ ಎಐ ಬಂತು. ತಿಂಗಳಿಗೆ ಐವತ್ತು ಇದ್ದದ್ದು ಮುನ್ನೂರಾಯಿತು, ಮುನ್ನೂರು ಒಂಬೈನೂರಾಯಿತು. ಯಾರೋ, ಎಲ್ಲೋ, ನಾಲ್ಕು ಸಾಲು ಹೇಳಿ ಯಂತ್ರದಿಂದ ಕಥೆ ಬರೆಸಿ, ಸಂಭಾವನೆಯ ಆಸೆಗೆ ಕಳಿಸುತ್ತಿದ್ದರು. ಒಬ್ಬನೇ ಒಂದೇ ದಿನ ಹನ್ನೊಂದು ಕಥೆ ಕಳಿಸಿದ್ದೂ ಉಂಟು. ಅಕ್ಕಿಯಲ್ಲಿ ಕಲ್ಲು ಹುಡುಕುವ ಕೆಲಸ ಹೋಗಿ ಕಲ್ಲಿನ ರಾಶಿಯಲ್ಲಿ ಅಕ್ಕಿ ಹುಡುಕುವ ಕೆಲಸ ಬಂದಿತ್ತು. ಮೊದಲು ಕಥೆಯಲ್ಲಿ ಏನು ಚೆನ್ನಾಗಿದೆ ಎಂದು ನೋಡುತ್ತಿದ್ದ ಕಣ್ಣು ಈಗ ಬರೀ ಕಳ್ಳತನ ಹುಡುಕುತ್ತಿತ್ತು. ಸಂಜೆ ಮನೆಗೆ ಹೋದರೆ ಹಾಲಿನ ಪ್ಯಾಕೆಟ್ಟಿನ ಮೇಲಿನ ಬರಹವನ್ನೂ ಅನುಮಾನದಿಂದಲೇ ಓದುವ ಹಾಗಾಗಿತ್ತು.

ಎರಡು ತಿಂಗಳ ಹಿಂದೆ ವೇಬ್ರಿಡ್ಜಿನವರ ಕಥೆ ಬಂದದ್ದು ಈ ರಾಶಿಯ ನಡುವೆಯೇ.

ಆತ ಊರಾಚೆಯ ಒಂದು ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗುವವರು. ಅವಳು ಮುಖ ನೋಡಿರಲಿಲ್ಲ. ಆದರೆ ಹದಿನೇಳು ವರ್ಷಗಳಿಂದ ವರ್ಷಕ್ಕೆ ಎರಡೋ ಮೂರೋ ಕಥೆ ಕಳಿಸುತ್ತಿದ್ದರು. ಲಾರಿಯ ಹೊಗೆ, ಕಲ್ಲಿನ ದೂಳು, ಹೆದ್ದಾರಿಯ ಹೆಣಗಳ ನಡುವೆ ಹುಟ್ಟಿದ ದೆವ್ವದ ಕಥೆಗಳು. ಅವುಗಳಲ್ಲಿ ಒಂದು ನಿಜವಾದ ಹೆದರಿಕೆ ಇರುತ್ತಿತ್ತು, ಅದರ ಸುತ್ತ ಒಂದು ಮಣ ತಪ್ಪುಗಳೂ ಇರುತ್ತಿದ್ದವು. ಪುಟಕ್ಕೆ ಇಪ್ಪತ್ತು ಸಲ 'ಆಮೇಲೆ' ಬರುತ್ತಿತ್ತು. ಹಕಾರ ಇರಬೇಕಾದಲ್ಲಿ ಇರುತ್ತಿರಲಿಲ್ಲ, ಬೇಡವಾದಲ್ಲಿ ಹಾಜರು. ಕಥೆ ಮುಗಿದ ಮೇಲೂ ದೆವ್ವ ಯಾರದು, ಯಾಕೆ ಬಂತು ಎಂದು ಎರಡು ಪುಟ ವಿವರಣೆ. ಅವಳು ಪ್ರತಿ ಸಲವೂ ಕೂತು ತಿದ್ದಿ, ಜೊತೆಗೊಂದು ಕಾಗದ ಬರೆಯುತ್ತಿದ್ದಳು. ಹೀಗೆ ಮಾಡಿ, ಹಾಗೆ ಮಾಡಬೇಡಿ. ಮುಂದಿನ ಕಥೆಯಲ್ಲಿ ಅದೇ ತಪ್ಪುಗಳು ಮತ್ತೆ ಬರುತ್ತಿದ್ದವು. ಅವಳಿಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಈ ಸಲದ ಕಥೆಯಲ್ಲಿ ಒಂದೂ ತಪ್ಪಿರಲಿಲ್ಲ.

ಒಂದು ಖಾಲಿ ಲಾರಿ. ಪ್ರತಿ ಶುಕ್ರವಾರ ತೂಕಕ್ಕೆ ಬರುತ್ತದೆ. ಪ್ರತಿ ಸಲವೂ ಅದರ ಖಾಲಿ ತೂಕಕ್ಕಿಂತ ಐವತ್ತೆಂಟು ಕಿಲೋ ಹೆಚ್ಚು ತೋರಿಸುತ್ತದೆ. ಡ್ರೈವರು ಒಬ್ಬನೇ. ತೂಗುವವನು ಕ್ಯಾಬಿನ್ ನೋಡುತ್ತಾನೆ, ಹಿಂದೆ ನೋಡುತ್ತಾನೆ, ಲಾರಿಯ ಕೆಳಗೆ ಬಗ್ಗಿ ನೋಡುತ್ತಾನೆ, ಏನೂ ಇಲ್ಲ. ಕೊನೆಯ ಶುಕ್ರವಾರ ಡ್ರೈವರು ಏನೂ ಕೇಳದೆ ಆ ಹೆಚ್ಚಿನ ತೂಕದ ಪಕ್ಕದಲ್ಲಿ ಸಹಿ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು. ವಿವರಣೆ ಇಲ್ಲ. ಆರು ಪುಟದಲ್ಲಿ ಒಂದೇ ಒಂದು 'ಆಮೇಲೆ' ಇಲ್ಲ. ಬಂದದ್ದು ಟೈಪಾಗಿ, ಹೊಸದೊಂದು ಇಮೇಲ್ ವಿಳಾಸದಿಂದ; ಹಿಂದಿನವೆಲ್ಲ ಕೈಬರಹದವು.

ಅವಳು ಅದನ್ನು ಮನೆಗೆ ಒಯ್ದು ಅಕ್ಕನಿಗೆ ಓದಿ ಹೇಳಿದಳು. ಅಕ್ಕ ನಲವತ್ತು ವರ್ಷ ಹೊಲಿಗೆ ಕೆಲಸ ಮಾಡಿ ಕಣ್ಣು ಮಂಜಾದವಳು. ಇಬ್ಬರೇ ಇರುವ ಮನೆಯಲ್ಲಿ ಸಂಜೆಗಳು ಕಥೆ ಓದುತ್ತಲೇ ಕಳೆಯುತ್ತಿದ್ದವು.

"ಚೆನ್ನಾಗಿದೆ ಕಣೇ," ಎಂದಳು ಅಕ್ಕ, ಮೈಮೇಲಿನ ಸೆರಗು ಬಿಗಿದುಕೊಳ್ಳುತ್ತ. "ಮೈ ಝುಂ ಅಂತು."

"ಚೆನ್ನಾಗಿರೋದೇ ತೊಂದ್ರೆ ಅಕ್ಕ. ಅವ್ರು ಇಷ್ಟು ಚೆನ್ನಾಗಿ ಬರೆಯೋರಲ್ಲ."

"ಅಂದ್ರೆ?"

"ಮಿಷನ್ನಿನ ಹತ್ರ ಬರೆಸಿದಾರೆ. ಅವ್ರೂ ಹೀಗೆ ಮಾಡಿಬಿಟ್ರಲ್ಲ."

"ಕೇಳಿ ನೋಡು ಒಂದ್ಸಲ."

"ಏನಂತ ಕೇಳಲಿ? ಮಾಡಿದೋರು ಯಾರಾದ್ರೂ ಹೌದು ಅಂತಾರಾ?"

ಮಾರನೆಯ ದಿನ ಎಲ್ಲರಿಗೂ ಹೋಗುವ ಆ ನಾಲ್ಕು ಸಾಲಿನ ಪತ್ರವೇ ಅವರಿಗೂ ಹೋಯಿತು. 'ನಿಮ್ಮ ಕಥೆ ಯಂತ್ರದಿಂದ ಬರೆಸಿದ್ದೆಂದು ನಮಗೆ ಮನವರಿಕೆಯಾಗಿದೆ. ಇನ್ನು ಮುಂದೆ ನಿಮ್ಮ ಬರಹಗಳನ್ನು ಪರಿಶೀಲಿಸಲಾಗುವುದಿಲ್ಲ.' ಉತ್ತರ ಬರಲಿಲ್ಲ. ಕಳ್ಳರು ಉತ್ತರ ಬರೆಯುವುದಿಲ್ಲ ಎಂದುಕೊಂಡಳು.

ಅದೇ ತಿಂಗಳು ಸಂಪಾದಕರು ಹಿಂಬದಿಯ ರಕ್ಷಾಪುಟದ ಒಳಮಗ್ಗುಲಲ್ಲಿ ಒಂದು ಪಟ್ಟಿ ಹಾಕೋಣ ಎಂದರು. ಎಪ್ಪತ್ತು ದಾಟಿದ, ಮಾತಿಗೆ ಮೊದಲು ಎರಡು ಸಲ ಕೆಮ್ಮುವ ಮನುಷ್ಯ. ಯಂತ್ರದ ಕಥೆ ಕಳಿಸಿ ಸಿಕ್ಕಿಬಿದ್ದವರ ಹೆಸರು, ಊರು ಎಲ್ಲ ಹಾಕಿದರೆ ಉಳಿದವರಾದರೂ ಹೆದರಿಯಾರು ಎಂಬುದು ಅವರ ಲೆಕ್ಕ. ಪಟ್ಟಿ ಮಾಡಿಕೊಟ್ಟವಳು ಅವಳೇ. ಮೂವತ್ತನಾಲ್ಕನೆಯ ಹೆಸರಿಗೆ ಬಂದಾಗ ಕೈ ತಡೆಯಿತು.

"ಸಾರ್, ಇವ್ರು ಹಳಬರು. ಬಿಡೋಣ್ವಾ?"

"ಹಳಬರಿಗೊಂದು ಹೊಸಬರಿಗೊಂದು ಅಂತ ಮಾಡಕ್ಕಾಗತ್ತೇನಮ್ಮಾ? ಬರೆಸಿದ್ದು ಹೌದೋ ಅಲ್ವೋ, ಅದನ್ನ ಹೇಳು."

"ಹೌದು," ಎಂದಳು ಅವಳು. ದನಿಯಲ್ಲಿ ಅಳುಕಿರಲಿಲ್ಲ. ಹದಿನೇಳು ವರ್ಷ ತಿದ್ದಿದ ಕೈಗೆ ಮೋಸವಾಯಿತೆಂಬ ಸಂಕಟ ಅವಳ ಒಳಗೆ ಕುದಿಯುತ್ತಿತ್ತು. ಹೆಸರು ಅಚ್ಚಾಯಿತು.

ಇದೆಲ್ಲ ಆಗಿ ಎರಡು ತಿಂಗಳು ಕಳೆದ ಮೇಲೆ, ಬಾಗಿಲು ತಾನಾಗಿಯೇ ತೆರೆದುಕೊಂಡ ಆ ಬೆಳಿಗ್ಗೆ, ಅಂಚೆಯವನು ಒಂದು ದಪ್ಪ ಲಕೋಟೆ ತಂದು ಅವಳ ಮೇಜಿನ ಮೇಲಿಟ್ಟ. ಅಂಚೆಯಲ್ಲಿ ಕಥೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಒಂದು ವರ್ಷವಾಗಿತ್ತು. ಯಾರೋ ತಿಳಿಯದವರು ಕಳಿಸಿದ್ದಾರೆಂದುಕೊಂಡು ಅವಳು ಅಂಚು ಹರಿದಳು.

ಒಳಗೆ ದಾರ ಹಾಕಿ ಹೊಲಿದ ಏಳು ಕಟ್ಟುಗಳಿದ್ದವು. ಹಳೆಯ ರಿಜಿಸ್ಟರಿನ ಹಾಳೆಗಳು, ಒಂದು ಮಗ್ಗುಲಲ್ಲಿ ಲಾರಿ ನಂಬರುಗಳು, ತೂಕಗಳು. ಮತ್ತೊಂದು ಮಗ್ಗುಲಲ್ಲಿ ನೀಲಿ ಪೆನ್ನಿನ ಬರಹ. ಮೇಲಿನ ಕಟ್ಟಿಗೆ ಒಂದು ಚೀಟಿ ಚುಚ್ಚಿತ್ತು. 'ಅಪ್ಪನ ಕಥೆಯನ್ನು ಟೈಪ್ ಮಾಡಿ ಕಳಿಸಿದವಳು ನಾನು. ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸ ನನ್ನದು, ಊಟದ ಹೊತ್ತಿನಲ್ಲಿ ಅಲ್ಲಿಯ ಕಂಪ್ಯೂಟರಿನಲ್ಲಿ ಮಾಡಿದೆ. ಇವನ್ನು ಕಳಿಸುತ್ತಿರುವುದು ಅವರಿಗೆ ಗೊತ್ತಿಲ್ಲ. ನೋಡಿ, ವಾಪಸ್ ಕಳಿಸಿ.'

ಮೊದಲ ಕಟ್ಟಿನ ಮೇಲೆ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಅದೇ ಲಾರಿ, ಅದೇ ಐವತ್ತೆಂಟು ಕಿಲೋ. 'ಆಮೇಲೆ ಲಾರಿ ಬಂತು, ಆಮೇಲೆ ನಾನು ಎದ್ದೆ, ಆಮೇಲೆ ಗಾಜು ಹೊರೆಸಿದೆ.' ಕೊನೆಯಲ್ಲಿ ಎರಡೂವರೆ ಪುಟ ವಿವರಣೆ. ಅವಳಿಗೆ ಚಿರಪರಿಚಿತವಾದ ಕೈ.

ಎರಡನೆಯ ಕಟ್ಟಿನ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿತ್ತು: 'ಮೇಡಂ ಹೇಳಿದ್ದು — ಆಮೇಲೆ ಬೇಡ. ಒಂದು ಆದ ಮೇಲೇ ಇನ್ನೊಂದು ಆಗೋದು ಅಂತ ಓದೋರಿಗೆ ಗೊತ್ತು.' ಅದು ಅವಳದೇ ಮಾತು, ಎಂದೋ ಒಂದು ಕಾಗದದಲ್ಲಿ ಬರೆದದ್ದು. ಆ ಪ್ರತಿಯಲ್ಲಿ ಒಂದೊಂದು 'ಆಮೇಲೆ'ಯ ಮೇಲೂ ಗೆರೆ ಎಳೆದಿತ್ತು. ಮೂರನೆಯದರ ಮೇಲೆ: 'ಮೇಡಂ ಹೇಳಿದ್ದು — ಹಕಾರ.' ಪಕ್ಕದಲ್ಲಿ ಮಕ್ಕಳ ಕಾಪಿ ಪುಸ್ತಕದಂತೆ, ಒರೆಸಿದೆ ಎಂದು ಹತ್ತು ಸಲ, ಹೆದರಿಕೆ ಎಂದು ಹತ್ತು ಸಲ. ನಾಲ್ಕನೆಯದು: 'ಮೇಡಂ ಹೇಳಿದ್ದು — ಹೆದರಿಕೆ ಆಯ್ತು ಅಂತ ಬರೀಬೇಡಿ, ಏನು ಕಂಡಿತೋ ಅದನ್ನು ಬರೀರಿ.' ಆರನೆಯದು: 'ಮೇಡಂ ಹೇಳಿದ್ದು — ಕೊನೆಗೆ ವಿವರಿಸಬೇಡಿ. ಓದುವವರನ್ನು ನಂಬಿ.' ಅದರಲ್ಲಿ ಕೊನೆಯ ಎರಡೂವರೆ ಪುಟದ ಮೇಲೆ ಉದ್ದಕ್ಕೆ ಒಂದೇ ಗೆರೆ.

ಏಳನೆಯ ಕಟ್ಟಿನ ನೆತ್ತಿಯ ಮೇಲೆ ಏನೂ ಇರಲಿಲ್ಲ. ಅದು ಅವಳು ಕಸಕ್ಕೆ ಹಾಕಿದ ಕಥೆ.

ಅವಳು ಏಳೂ ಕಟ್ಟುಗಳನ್ನು ಎದೆಗವಚಿಕೊಂಡು ಸಂಪಾದಕರ ಕೋಣೆಗೆ ಹೋದಳು. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಬೇಕು, ದಪ್ಪಕ್ಷರದಲ್ಲಿ; ಕಥೆ ಮೊದಲನೆಯ ಪುಟಕ್ಕೆ ಬರಬೇಕು.

ಸಂಪಾದಕರು ಎರಡು ಸಲ ಕೆಮ್ಮಿದರು. "ಮುಂದಿನ ಸಂಚಿಕೆ ಇಲ್ಲಮ್ಮಾ."

"ಸಾರ್?"

"ಬೆಳಿಗ್ಗೆ ಮಾಲೀಕರು ಫೋನ್ ಮಾಡಿದ್ರು. ಈಗ ಅಚ್ಚಾಗಿರೋದೇ ಕೊನೇದು. ಔಷಧಿ ಡಬ್ಬಿ ಲೇಬಲ್ಲಿನ ಕೆಲಸ ಸಿಕ್ಕಿದೆಯಂತೆ, ಅಚ್ಚಿನ ಮನೆ ಪೂರ್ತಿ ಅದಕ್ಕೇ ಬೇಕಂತೆ." ಅವರು ನಗಲು ನೋಡಿದರು. "ಲೇಬಲ್ಲನ್ನಾದ್ರೂ ಜನ ತಿರುಗಿಸಿ ಮುರುಗಿಸಿ ಓದ್ತಾರೆ ನೋಡು."

"ಕೊನೇದ್ರಲ್ಲೇ ಹಾಕೋಣ ಸಾರ್. ಅರ್ಧ ಪುಟ. ಇಲ್ಲಾ ಒಂದು ಬಿಡಿ ಚೀಟಿ ಅಚ್ಚು ಹಾಕಿಸಿ ಒಳಗೆ ಸೇರಿಸೋಣ. ಕೂತು ನಾನೇ ಸೇರಿಸ್ತೀನಿ."

"ನಿನ್ನೆಯೇ ಬೈಂಡಿಂಗ್ ಆಗಿ ಕಟ್ಟು ಕಟ್ಟಿದಾರೆ. ಹತ್ತು ಗಂಟೆಗೆ ವ್ಯಾನೂ ಹೋಯ್ತು."

"ಹಾಗಾದ್ರೆ ಆ ಮನುಷ್ಯನ ಹೆಸರು?"

ಸಂಪಾದಕರು ಖಾನೆಯಿಂದ ಒಂದು ಹಳೆಯ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಜಿನ ಖಾನೆ ಖಾಲಿ ಮಾಡಲು ಅವರು ಆಗಲೇ ಶುರುಮಾಡಿದ್ದನ್ನು ಅವಳು ಆಗ ಗಮನಿಸಿದಳು. ಮೇಜಿನ ಮೇಲೆ ಒಣಗಿದ ಗೋಂದಿನ ಬಾಟಲಿ, ಮುರಿದ ಕನ್ನಡಕ, ರಬ್ಬರ್ ಬ್ಯಾಂಡುಗಳ ಒಂದು ಉಂಡೆ. ಪತ್ರಿಕೆಯ ಸೀಲು, ರಸೀದಿ ಪುಸ್ತಕ, ಬೀರುವಿನ ಕೀಲಿಗಳು ಒಂದು ಡಬ್ಬಿಯಲ್ಲಿ ಮಾಲೀಕರಿಗೆಂದು ಬೇರೆ ಇದ್ದವು.

"ಪಟ್ಟಿ ಹಾಕೋಣ ಅಂದೋನು ನಾನು," ಎಂದರು ಅವರು ಕೊನೆಗೆ. "ನೀನು ಅದನ್ನ ಒಬ್ಬಳೇ ಹೊತ್ಕೋಬೇಡ."

ಹೆಸರು ಬರೆದವಳು ತಾನು ಎಂದು ಅವಳು ಹೇಳಲಿಲ್ಲ.

ಮಾರನೆಯ ದಿನ ಎರಡು ಬಸ್ಸು ಬದಲಾಯಿಸಿ ಅವಳು ವೇಬ್ರಿಡ್ಜಿಗೆ ಹೋದಳು. ಬಸ್ಸಿಳಿದು ಅರ್ಧ ಮೈಲಿ ನಡೆಯಬೇಕು. ರಸ್ತೆಯ ಎರಡೂ ಕಡೆ ಜಲ್ಲಿಯ ಗುಡ್ಡೆಗಳು, ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದ್ದವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದಳು, ಅಳಿಸಿದಳು. ಒಂದು ವಾಕ್ಯವೂ ನಿಲ್ಲಲಿಲ್ಲ.

ನೆಲಕ್ಕೆ ಸಮನಾಗಿ ಹುಗಿದ ಉದ್ದನೆಯ ಕಬ್ಬಿಣದ ಪ್ಲೇಟು, ಅದರ ಪಕ್ಕದಲ್ಲಿ ಮೂರು ಕಡೆ ಗಾಜಿರುವ ಸಣ್ಣ ಕೋಣೆ. ಒಳಗೆ ಅರವತ್ತರ ಹತ್ತಿರದ, ತೆಳ್ಳನೆಯ ಮನುಷ್ಯರೊಬ್ಬರು ಕೆಂಪು ಅಂಕಿಗಳ ಪೆಟ್ಟಿಗೆಯ ಮುಂದೆ ಕೂತಿದ್ದರು. ಗಾಜಿನ ಮೇಲೆ ಯಾರೋ ಕಾಗದ ಅಂಟಿಸಿದ್ದರ, ಅದನ್ನು ಯಾರೋ ಕೆರೆದು ತೆಗೆದದ್ದರ ಗುರುತು ಇತ್ತು. ಅವಳು ತಾನು ಯಾರೆಂದು ಹೇಳುತ್ತಿದ್ದಂತೆ ಅವರು ದಡಬಡಿಸಿ ಎದ್ದು, ಇದ್ದ ಒಂದೇ ಕುರ್ಚಿಯನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಮುಂದಕ್ಕೆ ತಳ್ಳಿದರು.

"ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ. ಇಷ್ಟು ದೂರ! ಬಿಸ್ಲಲ್ಲಿ! ಒಂದು ಮಾತು ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ."

ಅವಳು ಕೂರಲಿಲ್ಲ. ಚೀಲದಿಂದ ಏಳು ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಅವನ್ನು ನೋಡಿದರು. ಮುಖದ ಬಣ್ಣ ಇಳಿಯಿತು.

"ಇವು ನಿಮ್ಮ ಹತ್ರ ಹೇಗೆ ಬಂದ್ವು?"

"ನಿಮ್ಮ ಮಗಳು ಕಳಿಸಿದ್ಳು."

ಅವರು ಮೇಲಿನ ಕಟ್ಟಿನ ದಾರವನ್ನು ಹೆಬ್ಬೆರಳಿನಿಂದ ನೇವರಿಸುತ್ತ ನಿಂತರು.

"ತಪ್ಪು ನಂದು," ಎಂದಳು ಅವಳು. "ನಾನು ತಪ್ಪು ತಿಳ್ಕೊಂಡೆ. ಕಥೆ ನೀವೇ ಬರೆದದ್ದು. ತುಂಬ ಒಳ್ಳೇ ಕಥೆ."

"ಹಾಗಾದ್ರೆ ಅವಳು ಏನೂ ಮಾಡಿರ್ಲಿಲ್ವಾ?"

"ಯಾರು?"

"ಮಗಳು." ಅವರ ದನಿ ಸಣ್ಣಗಾಯಿತು. "ನಿಮ್ಮ ಪತ್ರ ಬಂತಲ್ಲ ಮೇಡಂ, ನಂಗೆ ಗೊತ್ತು, ನಾನು ಮಿಷನ್ನಿಂದ ಬರೆಸಿಲ್ಲ. ಆದ್ರೆ ನೀವು ಹದಿನೇಳು ವರ್ಷ ನನ್ನ ಕೈ ನೋಡಿದೋರು. ನೀವು ತಪ್ಪು ಹೇಳ್ತೀರಾ? ಹಾಗಾದ್ರೆ ಟೈಪ್ ಮಾಡೋವಾಗ ಇವಳೇ ಏನೋ ಮಾಡಿರ್ಬೇಕು, ಅಪ್ಪನ ಕಥೆ ಚೆನ್ನಾಗಿರ್ಲಿ ಅಂತ ಮಿಷನ್ನಿಗೆ ಕೊಟ್ಟಿರ್ಬೇಕು ಅಂದ್ಕೊಂಡೆ. ಕೇಳೇಬಿಟ್ಟೆ. ಆ ಪಟ್ಟಿ ಬೇರೆ ಬಂದಿತ್ತು, ಡ್ರೈವರ್‌ಗಳು ತಂದು ಗಾಜಿಗೆ ಅಂಟಿಸಿ, ಕಥೆ ಅಣ್ಣ ಹೋಗಿ ಮಿಷನ್ ಅಣ್ಣ ಆದ ಅಂತ ನಗ್ತಿದ್ರು. ಆ ಸಿಟ್ಟಲ್ಲಿ ಕೇಳ್ದೆ. ಅವಳು ತಟ್ಟೆ ಬಿಟ್ಟು ಎದ್ದೋದ್ಳು. ಎರಡು ತಿಂಗಳಾಯ್ತು, ಒಂದೇ ಮನೇಲಿದೀವಿ, ನನ್ನ ಹತ್ರ ಮಾತಿಲ್ಲ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ದಾರಿಯುದ್ದಕ್ಕೂ ಅವಳು ಸಿದ್ಧಳಾಗಿದ್ದದ್ದು ಬೈಗುಳಕ್ಕೆ, ಕಣ್ಣೀರಿಗೆ, ಮುಚ್ಚಿದ ಬಾಗಿಲಿಗೆ. ಇದಕ್ಕಲ್ಲ.

"ನೀವು ಟೈಪಾದ ಮೇಲೆ ಓದಿ ನೋಡ್ಲಿಲ್ವಾ?"

"ನೋಡ್ದೆ. ನಂದೇ ಅನ್ನಿಸ್ತು. ಆದ್ರೆ ನೀವು ಅಲ್ಲ ಅಂದಿದ್ರಲ್ಲ."

ಹೊರಗೆ ಹಾರ್ನ್ ಕೇಳಿಸಿತು. ಜಲ್ಲಿ ತುಂಬಿದ ಲಾರಿಯೊಂದು ಪ್ಲೇಟಿನ ಮೇಲೆ ಹತ್ತಿ ನಿಂತಿತು. ಅವರು "ಒಂದ್ನಿಮಿಷ" ಎಂದು ಪೆಟ್ಟಿಗೆಯ ಕಡೆ ತಿರುಗಿದರು. ಕೆಂಪು ಅಂಕಿಗಳು ಏರಿ, ಇಳಿದು, ನಿಂತವು. ಅವರು ಚೀಟಿ ಬರೆದು, ಇಂಕಿನ ಪ್ಯಾಡಿಗೆ ದುಂಡನೆಯ ರಬ್ಬರ್ ಸೀಲು ಒತ್ತಿ, ಚೀಟಿಯ ಮೇಲೆ ಹೊಡೆದು, ಕಿಟಕಿಯ ಸಂದಿಯಲ್ಲಿ ಚಾಚಿದರು. ಡ್ರೈವರು ಅವಳನ್ನು ಇಣುಕಿ ನೋಡಿದ.

"ಯಾರಣ್ಣ, ನೆಂಟರಾ?"

"ಪತ್ರಿಕೆಯೋರು."

"ಓಹೋ! ಹೊಸ ಕಥೆ ಬರ್ತಿದೆಯಾ ಹಾಗಾದ್ರೆ?"

ಅವರು ಕೈಯಾಡಿಸಿ ಅವನನ್ನು ಮುಂದಕ್ಕೆ ಕಳಿಸಿದರು. ದೂಳು ಗಾಜಿಗೆ ಬಡಿದು, ಕೆಳಗಿಳಿಯಿತು.

ಹೇಳಬೇಕಾದ ಇನ್ನೊಂದು ಮಾತು ಉಳಿದಿತ್ತು. ಅವಳು ಅದನ್ನೂ ಹೇಳಿದಳು. ಪತ್ರಿಕೆ ನಿಂತುಹೋಯಿತು. ತಪ್ಪೊಪ್ಪಿಗೆ ಹಾಕಲು ಪುಟವಿಲ್ಲ. ಕಥೆ ಹಾಕಲೂ ಪುಟವಿಲ್ಲ. ಬೇರೆ ಪತ್ರಿಕೆಗೆ ಕೊಡೋಣವೆಂದರೆ ಬೇರೆ ಇಲ್ಲ.

ಅವರು ಗಾಜಿನಾಚೆ ಖಾಲಿ ಪ್ಲೇಟನ್ನು ನೋಡುತ್ತ ಕೇಳಿಸಿಕೊಂಡರು. "ನಿಂತೇ ಹೋಯ್ತಾ," ಎಂದರು. ಅವಳ ಕಡೆ ತಿರುಗಿ, "ನೀವೇನ್ಮಾಡ್ತೀರಿ ಮೇಡಂ ಇನ್ಮೇಲೆ?" ಎಂದು ಕೇಳಿದರು.

"ಗೊತ್ತಿಲ್ಲ."

"ನಂಗಾದ್ರೆ ಇದೊಂದಿದೆ," ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಇರಬಾರದಿತ್ತೇ ಎಂದು ಅವಳಿಗೆ ಅನ್ನಿಸಿತು.

"ಬರೀರಿ," ಎಂದಳು. "ನಿಲ್ಲಿಸ್ಬೇಡಿ."

"ಯಾರು ಓದ್ತಾರೆ ಮೇಡಂ? ನೀವು ಓದ್ತೀರಿ ಅಂತ ಬರೀತಿದ್ದೆ." ಅವರು ಏಳೂ ಕಟ್ಟುಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಮೇಜಿನ ಖಾನೆಗೆ ಹಾಕಿದರು. ಖಾನೆ ಪೂರ್ತಿ ಮುಚ್ಚಲಿಲ್ಲ; ಮೊಣಕಾಲಿನಿಂದ ಒತ್ತಿದರು. ಆಮೇಲೆ ಏನೋ ಹೊಳೆದವರಂತೆ ರಿಜಿಸ್ಟರಿನಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ಅವಳ ಮುಂದಿಟ್ಟರು.

"ಒಂದು ಉಪಕಾರ ಮಾಡಿ. ಪತ್ರಿಕೇಲಿ ಬರೋದಿಲ್ಲ ಅಂದ್ರೆ ಬೇಡ. ಇದ್ರಲ್ಲಿ ಬರ್ದುಕೊಡಿ. ಮಗಳಿಗೆ ತೋರಿಸ್ಬೇಕು."

ಅವಳು ಕೂತಳು. ಇಪ್ಪತ್ತೊಂದು ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿದ ಕೈಗೆ ಈಗ ಮೂರು ವಾಕ್ಯ ಬರೆಯಲು ಬಹಳ ಹೊತ್ತು ಹಿಡಿಯಿತು. 'ಈ ಕಥೆಯನ್ನು ಬರೆದವರು ಇವರೇ. ಮಗಳು ಒಂದಕ್ಷರವನ್ನೂ ಬದಲಿಸಿಲ್ಲ. ಯಂತ್ರದ್ದೆಂದು ನಾನು ಬರೆದದ್ದು ಸುಳ್ಳು.' ಸುಳ್ಳು ಎಂಬುದನ್ನು ಹೊಡೆದುಹಾಕಿ ತಪ್ಪು ಎಂದು ಬರೆಯಲು ಹೋದವಳು ಹಾಗೆಯೇ ಬಿಟ್ಟಳು. ಸಹಿ ಹಾಕಿ, ಕೆಳಗೆ ಪತ್ರಿಕೆಯ ಹೆಸರು ಬರೆದಳು.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು, ತುಟಿಯಲ್ಲಾಡಿಸುತ್ತ ಎರಡು ಸಲ ಓದಿದರು.

"ಸೀಲು, ಮೇಡಂ?"

"ಸೀಲು ಮಾಲೀಕರಿಗೆ ಹೋಯ್ತು."

"ಸೀಲಿಲ್ದೆ ಯಾರು ನಂಬ್ತಾರೆ," ಎಂದರು ಅವರು, ತಮಗೆ ತಾವೇ ಹೇಳಿಕೊಂಡಂತೆ.

ಹೊರಗೆ ಮತ್ತೊಂದು ಲಾರಿ ಪ್ಲೇಟಿನ ಮೇಲೆ ಹತ್ತಿ ಹಾರ್ನ್ ಮಾಡಿತು. ಅವರು ತಿರುಗಿ ನೋಡಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹಾಸಿ, ಸುಕ್ಕು ತೀಡಿ, ಇಂಕಿನ ಪ್ಯಾಡಿನ ಮುಚ್ಚಳ ತೆಗೆದರು. ವೇಬ್ರಿಡ್ಜಿನ ದುಂಡು ಸೀಲನ್ನು ಪ್ಯಾಡಿಗೆ ಎರಡು ಸಲ ಚೆನ್ನಾಗಿ ಒತ್ತಿ, ಅವಳ ಸಹಿಯ ಪಕ್ಕದಲ್ಲಿ ಇಟ್ಟು, ಎದ್ದು ನಿಂತು, ಎರಡೂ ಕೈಯ ಭಾರ ಹಾಕಿ ಅದುಮಿದರು. ಮತ್ತೆ ಹಾಳೆಯನ್ನು ಎತ್ತಿಕೊಂಡು, ಇಂಕು ಹರಡದ ಹಾಗೆ ಮೆಲ್ಲಗೆ ಊದತೊಡಗಿದರು. ಹೊರಗೆ ಲಾರಿ ಹಾರ್ನ್ ಬಾರಿಸುತ್ತಲೇ ಇತ್ತು.